ಇಟರ್ನಿಟಿ ಉಂಗುರ: ವಜ್ರದ ಕಾಠಿಣ್ಯ, ಲೋಹದ ಸವೆತ

ಬೆರಳಿನ ಸುತ್ತಲೂ ಒಂದೇ ಅಳತೆಯ ವಜ್ರಗಳನ್ನು ಸಾಲಾಗಿ ಕೂರಿಸಿದ ಮದುವೆಯ ಉಂಗುರಕ್ಕೆ ಇಟರ್ನಿಟಿ, ಅಂದರೆ ಅನಂತ, ಎಂಬ ಹೆಸರಿದೆ. ಆದರೆ ಅದರ ಬಾಳಿಕೆಯನ್ನು ನಿರ್ಧರಿಸುವುದು ವಜ್ರವಲ್ಲ, ಲೋಹ.

ಫ್ರೆಡ್ರಿಕ್ ಮೋಹ್ಸ್ 1812ರಲ್ಲಿ ರೂಪಿಸಿದ ಕಾಠಿಣ್ಯ ಮಾಪಕದಲ್ಲಿ ವಜ್ರದ ಸ್ಥಾನ 10. ಶುದ್ಧ ಚಿನ್ನದ್ದು ಸುಮಾರು 2.5. ಮಿಶ್ರಲೋಹದ ಚಿನ್ನ ಇದಕ್ಕಿಂತ ಗಟ್ಟಿಯಾದರೂ ವಜ್ರದ ಸಮೀಪಕ್ಕೂ ಬಾರದು. ಹರಳು ಸವೆಯದಿದ್ದರೂ ಅದನ್ನು ಹಿಡಿದ ಕಿರುಕೊಕ್ಕೆಗಳು ಸವೆಯುತ್ತವೆ. ಅಂಗೈ ಬದಿಯಲ್ಲೂ ಹರಳುಗಳಿರುವುದರಿಂದ ಪಾತ್ರೆಯ ಹಿಡಿಯಾಗಲಿ, ಕಾರಿನ ಸ್ಟಿಯರಿಂಗ್ ಆಗಲಿ ಕೊಕ್ಕೆಗಳನ್ನು ನೇರವಾಗಿ ಉಜ್ಜುತ್ತದೆ. ಪಕ್ಕದಲ್ಲಿ ಇನ್ನೊಂದು ವಜ್ರದುಂಗುರವಿದ್ದರೆ ಅದು ಅರದಂತೆ ಲೋಹವನ್ನು ತೇಯುತ್ತದೆ. ಬೆರಳು ದಪ್ಪವಾದರೆ ಅಳತೆ ಬದಲಿಸುವುದೂ ಕಷ್ಟ; ಹಿಗ್ಗಿಸಿದರೆ ಹರಳುಗಳ ಹಿಡಿತ ಸಡಿಲವಾಗುತ್ತದೆ.

ಮೇಲಿನ ಅರ್ಧಭಾಗದಲ್ಲಷ್ಟೇ ಹರಳುಗಳಿರುವ ಉಂಗುರ, ಅಥವಾ ಪ್ರತಿ ಹರಳನ್ನೂ ಲೋಹದ ಅಂಚು ಸುತ್ತುವರಿದಿರುವ ವಿನ್ಯಾಸ, ನಿತ್ಯ ಧರಿಸುವವರಿಗೆ ಮೇಲು. ಉಣ್ಣೆಯ ಎಳೆ ಕೊಕ್ಕೆಗೆ ಸಿಕ್ಕಿಕೊಂಡರೆ, ಕಿವಿಯ ಬಳಿ ಮೆಲ್ಲನೆ ತಟ್ಟಿದಾಗ ಹರಳು ಅಲುಗಿದ ಸದ್ದು ಬಂದರೆ, ಉಂಗುರವನ್ನು ತೆಗೆದಿರಿಸಿ ಅಕ್ಕಸಾಲಿಗರಿಗೆ ತೋರಿಸಬೇಕು. ಇಂಥ ಸುಳಿವಿಲ್ಲದಿದ್ದರೂ ವರ್ಷಕ್ಕೊಮ್ಮೆ 10 ಪಟ್ಟು ಹಿಗ್ಗಿಸಿ ತೋರಿಸುವ ಮಸೂರದಡಿ ಪರೀಕ್ಷಿಸುವುದು ಒಳಿತು. ಸವೆದ ಕೊಕ್ಕೆಗೆ ಲೋಹ ಸೇರಿಸಬಹುದು. ಕೈತೊಳೆಯುವಾಗ ನೀರಿನೊಡನೆ ಹರಿದುಹೋದ ಎರಡು ಮಿಲಿಮೀಟರಿನ ಹರಳು ಮರಳಿ ಸಿಗುವುದು ಅಪರೂಪ.