ಭೀಮಾತೀರದ ಕುದುರೆ



ಕುದುರೆಯೆಂದೊಡನೆ ನಮ್ಮ ಮನಸ್ಸು ಅರಬ್ಬೀ ತಳಿಯ ಕಡೆಗೆ ಹರಿಯುವುದು ಸಹಜ. ವಿಜಯನಗರದ ಅರಸರು ಭಟ್ಕಳ, ಗೋವೆಗಳ ರೇವುಗಳಿಂದ ಅಪಾರ ದ್ರವ್ಯವನ್ನು ತೆತ್ತು ಅದನ್ನು ತರಿಸುತ್ತಿದ್ದರು. ಆದರೆ ದಖ್ಖಣಕ್ಕೆ ತನ್ನದೇ ಆದ ಕುದುರೆಯೊಂದುಂಟು, ಅದೇ ಭೀಮಥಡಿ. ಭೀಮಾ ನದಿಯ ದಡದ ನಾಡತಟ್ಟುವಿಗೆ ಅರಬ್ಬೀ ರಕ್ತವು ಬೆರೆತು ಹುಟ್ಟಿದ ತಳಿಯಿದು.

ಇದರ ಮೈಕಟ್ಟು ಕಿರಿದು, ಗೊರಸು ಗಟ್ಟಿ, ಸ್ವಭಾವ ಸೌಮ್ಯ. ಒರಟು ಹುಲ್ಲನ್ನೇ ಮೇಯ್ದು ಬಹುದೂರ ನಡೆಯಬಲ್ಲುದು. ಮರಾಠರ ದಂಡಿನ ವೇಗಕ್ಕೆ ಇಂಥ ಕುದುರೆಗಳೇ ಆಧಾರ. 1790ರ ಸೆಪ್ಟೆಂಬರಿನಲ್ಲಿ ಪರಶುರಾಮ ಭಾವೂ ಮುತ್ತಿಗೆ ಹಾಕಿದ ಟಿಪ್ಪುವಿನ ಧಾರವಾಡ ಕೋಟೆಯು 1791ರ ಏಪ್ರಿಲಿನವರೆಗೂ ಮಣಿಯಲಿಲ್ಲ. ಧಾರವಾಡ, ಹೆಬ್ಬಳ್ಳಿಗಳ ಸೀಮೆಯಲ್ಲಿ ದಂಡು ಅಷ್ಟು ಕಾಲ ಬೀಡುಬಿಟ್ಟಾಗ, ಅಲ್ಪಾಹಾರದಿಂದ ತೃಪ್ತಿಪಡುವ ಕುದುರೆಯ ಬೆಲೆ ಎಷ್ಟೆಂಬುದನ್ನು ಊಹಿಸಬಹುದು.

1818ರಲ್ಲಿ ಪೇಶ್ವೆಯರ ರಾಜ್ಯವು ಅಳಿಯಿತು, ರಾವುತರು ಚದುರಿದರು. ಕುದುರೆಯೂ ಅಳಿಯಿತೆಂದು ಬರೆದವರುಂಟು. ಆದರೆ ಅಲೆಮಾರಿ ಧನಗರರು ಬಿಡಾರದ ಗಂಟುಮೂಟೆಗಳನ್ನು ಹೊರಿಸಲು ಅದನ್ನು ಸಾಕುತ್ತಲೇ ಬಂದರು. 2024ರ ವೇಳೆಗೆ ಅದು ಭಾರತದ ಎಂಟನೆಯ ಕುದುರೆ ತಳಿಯೆಂದು ಅಧಿಕೃತವಾಗಿ ದಾಖಲಾಯಿತು. ಅರಸರ ದಂಡು ಮೆರೆಸಿದ ಕುದುರೆಯನ್ನು ಉಳಿಸಿಕೊಟ್ಟವರು ಕುರಿಗಾಹಿಗಳು. ಅವರ ಹುಲ್ಲುಗಾವಲು ಉಳಿದರೆ ಮಾತ್ರವೇ ಈ ತಳಿಯೂ ಉಳಿದೀತು.