ಹೊದಿಗೆರೆಯ ಸಮಾಧಿ ಮತ್ತು ಕಾದಂಬರಿಯ ಶಿವಾಜಿ

ಶಿವಾಜಿಯ ಏಳಿಗೆಯನ್ನು ಚಿತ್ರಿಸುವ ಐತಿಹಾಸಿಕ ಕಾದಂಬರಿಗಳಲ್ಲಿ ತಾಯಿ ಜೀಜಾಬಾಯಿಯೇ ಪ್ರೇರಕಶಕ್ತಿ. ತಂದೆ ಶಹಾಜಿ ಬಹುಮಟ್ಟಿಗೆ ದೂರದ ನೆರಳು. ಆದರೆ ಆ ಏಳಿಗೆಯ ಒಂದು ಬೇರು ಕನ್ನಡನಾಡಿನಲ್ಲಿದೆ. 1638ರಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾಖಾನನು ಕೆಂಪೇಗೌಡರ ವಂಶಜರಿಂದ ಬೆಂಗಳೂರನ್ನು ಗೆದ್ದನಂತರ ಅದು ಶಹಾಜಿಯ ಜಹಗೀರಾಯಿತು. ಬಾಲಕ ಶಿವಾಜಿ ಕೆಲಕಾಲ ಇಲ್ಲಿ ತಂದೆಯ ಬಳಿ ಇದ್ದು, ದರಬಾರಿನ ನಡೆಯನ್ನೂ ಆಡಳಿತವನ್ನೂ ಹತ್ತಿರದಿಂದ ಕಂಡನು. ಪುಣೆಗೆ ಮರಳಿದಾಗ ಅವನೊಡನೆ ತಂದೆಯು ನೇಮಿಸಿದ ಅನುಭವಿ ಅಧಿಕಾರಿಗಳಿದ್ದರು. ಜಯರಾಮ ಪಿಂಡ್ಯೆಯ ‘ರಾಧಾಮಾಧವವಿಲಾಸ ಚಂಪೂ’ ಶಹಾಜಿಯ ಬಹುಭಾಷಾ ಆಸ್ಥಾನಕ್ಕೆ ಸಾಕ್ಷಿಯಾಗಿದೆ. 1664ರಲ್ಲಿ ಬೇಟೆಯ ವೇಳೆ ಕುದುರೆಯಿಂದ ಬಿದ್ದು ಮಡಿದ ಅವನ ಸಮಾಧಿ ಚನ್ನಗಿರಿ ತಾಲ್ಲೂಕಿನ ಹೊದಿಗೆರೆಯಲ್ಲಿದೆ. ಮಗನ ಪಟ್ಟಾಭಿಷೇಕಕ್ಕೆ ಇನ್ನೂ ಹತ್ತು ವರ್ಷಗಳಿದ್ದವು. ಕಾದಂಬರಿಗೆ ಒಬ್ಬನೇ ನಾಯಕ ಸಾಕು. ಅದನ್ನೇ ಚರಿತ್ರೆಯೆಂದು ಓದಿದರೆ ಈ ಅಧ್ಯಾಯ ಕೈತಪ್ಪುತ್ತದೆ.