ಕೈಮುಗಿದು ಕೇಳಬೇಕಾ ಪೆನ್ಷನ್ನು?

ಅಪ್ಪ ರಿಟೈರ್ ಆಗಿದ್ದು 2015ರಲ್ಲಿ. ತುಮಕೂರು ಕಡೆ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ 33 ವರ್ಷ ಮೇಷ್ಟ್ರು. ಸೇವಾ ಪುಸ್ತಕದಲ್ಲಿ ಯಾವುದೋ ಇನ್‌ಕ್ರಿಮೆಂಟಿಗೆ ಸಹಿ ಬಿದ್ದಿರಲಿಲ್ಲ ಅಂತ ಫೈಲು ವಾಪಸ್ ಬಂತು. ಸಹಿ ಹಾಕಿಸೋಕೆ ಅಪ್ಪ ಒಂದು ಕಚೇರಿಗೆ ಏಳು ತಿಂಗಳು ಅಲೆದರು. ಒಂದಿನ ರಜೆ ಹಾಕಿ ನಾನೂ ಹೋದೆ. ನನಗಿಂತ ಚಿಕ್ಕ ವಯಸ್ಸಿನ ಗುಮಾಸ್ತನ ಮುಂದೆ ಅಪ್ಪ ಎರಡೂ ಕೈ ಮುಗಿದು, 'ಸ್ವಲ್ಪ ದಯ ತೋರಿಸಿ ಸಾರ್' ಅಂದರು. ನಾನು ಗೋಡೆ ಮೇಲಿನ ಕ್ಯಾಲೆಂಡರ್ ನೋಡುತ್ತಾ ನಿಂತೆ.

ವಾಪಸ್ ಬರುವಾಗ ಬಸ್ಸಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆ, ಈ 'ದಯೆ' ಎಲ್ಲಿಂದ ಶುರುವಾಯ್ತು ಅಂತ. ಸಿಕ್ಕಿದ್ದು ಬ್ರಿಟಿಷರ 1871ರ ಪೆನ್ಷನ್ ಕಾಯ್ದೆ. ಪೆನ್ಷನ್ ವಿಚಾರವಾಗಿ ಯಾರೂ ನೇರವಾಗಿ ಸಿವಿಲ್ ಕೋರ್ಟಿಗೆ ಹೋಗೋ ಹಾಗಿಲ್ಲ ಅನ್ನುತ್ತೆ ಅದರ 4ನೇ ಸೆಕ್ಷನ್ನು. ಸಾಹೇಬರು ಖುಷಿಯಾಗಿ ಕೊಟ್ಟರೆ ತಗೊಳ್ಳಿ, ಕೊಡದಿದ್ದರೆ ಸುಮ್ಮನಿರಿ ಅನ್ನೋ ಲೆಕ್ಕ. ಸ್ವಾತಂತ್ರ್ಯ ಬಂದ ಮೇಲೂ ಆ ಧೋರಣೆ ಬೇಗ ಹೋಗಲಿಲ್ಲ. ಬಿಹಾರದ ಶಿಕ್ಷಣ ಇಲಾಖೆಯ ದೇವಕಿನಂದನ ಪ್ರಸಾದ್ ಅನ್ನೋರು ತಮಗೆ ಪೆನ್ಷನ್ ನಿರಾಕರಿಸಿದ್ದನ್ನು ಹಿಡಿದು ಸುಪ್ರೀಂ ಕೋರ್ಟಿನವರೆಗೂ ಹೋದರು. 1971ರಲ್ಲಿ ಕೋರ್ಟು, ಪೆನ್ಷನ್ ಅನ್ನೋದು ಸರ್ಕಾರದ ಮರ್ಜಿಯ ಮೇಲೆ ನಿಂತ ದಾನ ಅಲ್ಲ, ನೌಕರನ ಆಸ್ತಿ ಅಂತ ಹೇಳಿತು.

ಅದಾದ ಮೇಲೆ ಬಂದದ್ದು ನಕಾರಾ ಕೇಸು. ನನಗೆ ತುಂಬಾ ಇಷ್ಟವಾದದ್ದು ಇದೇ. 1979ರ ಮೇ 25ರಂದು ಕೇಂದ್ರ ಸರ್ಕಾರ ಪೆನ್ಷನ್ ಲೆಕ್ಕವನ್ನು ಉದಾರ ಮಾಡಿತು. ಮೊದಲು ಕೊನೆಯ 36 ತಿಂಗಳ ಸಂಬಳದ ಸರಾಸರಿ ಹಿಡೀತಿದ್ದರು, ಈಗ ಕೊನೆಯ 10 ತಿಂಗಳದ್ದು. ಸಂಬಳ ಏರುತ್ತಾ ಹೋಗೋದರಿಂದ ಸರಾಸರಿಯೂ ಜಾಸ್ತಿ ಬರುತ್ತೆ. ಆದರೆ ಈ ಲಾಭ 1979ರ ಮಾರ್ಚ್ 31 ಮತ್ತು ಆಮೇಲೆ ನಿವೃತ್ತರಾದವರಿಗೆ ಮಾತ್ರ. 30ನೇ ತಾರೀಕು ಮನೆಗೆ ಹೋದವರಿಗೆ ಇಲ್ಲ! ನಮ್ಮ ಕೋಡಲ್ಲಾಗಿದ್ದರೆ ಇದನ್ನು ಬಗ್ ಅಂತ ಬರೆದು ಮುಗಿಸ್ತಿದ್ದೆವು. 1972ರಲ್ಲೇ ನಿವೃತ್ತರಾಗಿದ್ದ ಡಿ.ಎಸ್. ನಕಾರಾ ಕೋರ್ಟಿಗೆ ಹೋದರು. ಜೊತೆಗೆ ಎಚ್.ಡಿ. ಶೌರಿಯವರ 'ಕಾಮನ್ ಕಾಸ್' ಸಂಸ್ಥೆಯೂ ನಿಂತಿತು.

1982ರ ಡಿಸೆಂಬರ್ 17ರಂದು ಐದು ನ್ಯಾಯಮೂರ್ತಿಗಳ ಪೀಠದ ತೀರ್ಪು ಬಂತು. ಬರೆದವರು ನ್ಯಾ. ಡಿ.ಎ. ದೇಸಾಯಿ. ಪೆನ್ಷನ್ ಭಿಕ್ಷೆಯಲ್ಲ, ಮಾಡಿದ ಕೆಲಸಕ್ಕೆ ಸಲ್ಲಬೇಕಾದದ್ದು. ಒಂದು ತಾರೀಕಿನ ಗೆರೆ ಎಳೆದು ಪಿಂಚಣಿದಾರರನ್ನು ಎರಡು ಪಂಗಡ ಮಾಡೋದು ಸಂವಿಧಾನದ 14ನೇ ವಿಧಿಗೆ ವಿರುದ್ಧ ಅಂತ ಅದರ ಸಾರ. ದೇಶದ ಪಿಂಚಣಿದಾರರು ಇವತ್ತಿಗೂ ಡಿಸೆಂಬರ್ 17ನ್ನು ತಮ್ಮ ದಿನ ಅಂತ ಆಚರಿಸ್ತಾರೆ. ಅಪ್ಪ ಕೆಲಸಕ್ಕೆ ಸೇರಿದ್ದೂ 1982ರಲ್ಲೇ. ಅಂದರೆ ಅವರ ಇಡೀ ಸರ್ವಿಸ್ಸು ಈ ತೀರ್ಪಿನ ನೆರಳಲ್ಲೇ ಕಳೆದಿದೆ, ಅವರಿಗೆ ಯಾರೂ ಹೇಳಿರಲಿಲ್ಲ ಅಷ್ಟೆ.

ಕೊನೆಗೆ ಸಹಿ ಬಿತ್ತು, ಪೆನ್ಷನ್ ಪಾವತಿ ಆದೇಶ ಬಂತು. ನಿಮ್ಮ ಅಪ್ಪ, ಅಮ್ಮ ಇನ್ನೂ ಸರ್ವಿಸ್ಸಲ್ಲಿದ್ದರೆ ಸೇವಾ ಪುಸ್ತಕ ಈಗಲೇ ತೆಗೆಸಿ ಪುಟ ಪುಟ ನೋಡಿ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಹುಟ್ಟಿದ ದಿನಾಂಕ, ಇನ್‌ಕ್ರಿಮೆಂಟು, ರಜೆ, ನಾಮಿನಿ ಎಲ್ಲಾ ಸರಿ ಇದೆಯಾ ಅಂತ. ಕಚೇರಿಗೆ ಕೊಟ್ಟ ಪ್ರತಿ ಕಾಗದಕ್ಕೂ ಸೀಲು ಹಾಕಿಸಿ ಸ್ವೀಕೃತಿ ತಗೊಳ್ಳಿ. ಬಾಯಿಮಾತಿನ 'ಆಯ್ತು ಬಿಡಿ'ಯನ್ನು ನಂಬಬೇಡಿ. ನಮ್ಮ ಏಳು ತಿಂಗಳು ಹೋಗಿದ್ದು ಇದರಲ್ಲೇ.

ಇಷ್ಟೆಲ್ಲಾ ಓದಿಕೊಂಡು ಊರಿಗೆ ಹೋದಾಗ ತಂಗಿಗೆ ಉಪನ್ಯಾಸ ಕೊಟ್ಟೆ. ಅವಳೂ ಸರ್ಕಾರಿ ಟೀಚರ್ರು, 2014ರಲ್ಲಿ ಸೇರಿದ್ದು. ಕರ್ನಾಟಕದಲ್ಲಿ 2006ರ ಏಪ್ರಿಲ್ 1ರಿಂದ ಸೇರಿದವರಿಗೆ ಎನ್‌ಪಿಎಸ್ಸು: ತಿಂಗಳಾ ತಿಂಗಳಾ ಬೇಸಿಕ್ಕು, ಡಿಎ ಸೇರಿಸಿ 10 ಪರ್ಸೆಂಟು ಕಟ್ಟಾಗುತ್ತೆ, ಸರ್ಕಾರವೂ ಹಾಕುತ್ತೆ. ನಿವೃತ್ತಿಯಲ್ಲಿ ಎಷ್ಟು ಬರುತ್ತೆ ಅನ್ನೋದು ಮಾರ್ಕೆಟ್ಟಿಗೆ ಬಿಟ್ಟದ್ದು. ಇದು ಹೊಸದಾಗಿ ಸೇರುವವರಿಗೆ ಮಾಡಿದ ನಿಯಮ, ಆದ್ದರಿಂದ ನಕಾರಾ ಕೇಸಿಗೂ ಇದಕ್ಕೂ ಕಾನೂನಿನಲ್ಲಿ ವ್ಯತ್ಯಾಸ ಇದೆ. ಆದರೂ ನನ್ನ ಕಣ್ಣಿಗೆ ಅದೂ ತಾರೀಕಿನ ಗೆರೆಯೇ.

ತಂಗಿ ಹಿಟ್ಟು ನಾದುತ್ತಾ ಎಲ್ಲಾ ಕೇಳಿಸಿಕೊಂಡಳು. 'ಅಪ್ಪ ಕಲಿಸಿದ್ದೂ ಅದೇ ಒಂದನೇ ಕ್ಲಾಸು, ನಾನು ಕಲಿಸೋದೂ ಅದೇ ಒಂದನೇ ಕ್ಲಾಸು ಕಣಣ್ಣ' ಅಂದಳು. ಹಜಾರದಲ್ಲಿ ಅಪ್ಪ ನವೆಂಬರಿನ ಜೀವಂತ ಪ್ರಮಾಣಪತ್ರಕ್ಕೆ ಬ್ಯಾಂಕಿಗೆ ಹೊರಡೋಕೆ ಇಸ್ತ್ರಿ ಅಂಗಿ ಹಾಕಿಕೊಳ್ತಿದ್ದರು.